ಐದೂವರೆ ಅಂಗೈ

ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತವನು ನಾನು. ಮೊದಲು ಟಿ-ಸ್ಕ್ವೇರು, ಆಮೇಲೆ ಕಂಪ್ಯೂಟರು. ಮೆಟ್ಟಿಲು, ಇಳಿಜಾರು ಚಾವಣಿ, ಕಾಲುವೆ ಏರಿ, ಎಲ್ಲದರ ನಕ್ಷೆ ತೆಗೆದಿದ್ದೇನೆ. ಇಷ್ಟೆಲ್ಲ ಮಾಡಿದವನು ಮಗಳ ಶಾಲೆಯ ಪ್ರದರ್ಶನಕ್ಕೆ ಒಂದು ರಟ್ಟಿನ ಪಿರಮಿಡ್ ಮಾಡಿಕೊಡಲು ಹೋಗಿ ಮಕಾಡೆ ಬಿದ್ದೆ.

ಅವಳಾಗ ಏಳನೇ ಕ್ಲಾಸು. ಈಜಿಪ್ಟಿನ ರಾಜ ಖುಫುವಿನ ಮಹಾ ಪಿರಮಿಡ್ಡೇ ಬೇಕು ಅಂತ ಹಟ. ಅದರ ತಳದ ಒಂದೊಂದು ಬದಿ 440 ಮೊಳ, ಎತ್ತರ 280 ಮೊಳ ಅಂತ ಓದಿದ್ದೆ. ಸುಲಭ ಆಯ್ತಲ್ಲ, ಹತ್ತು ಮೊಳಕ್ಕೊಂದು ಸೆಂಟಿಮೀಟರ್ ಅಂತ ಇಟ್ಟುಕೊಂಡೆ. ತಳ 44, ಎತ್ತರ 28. ನಾಲ್ಕು ತ್ರಿಕೋನ ಕತ್ತರಿಸಿ, ಅಂಟು ಹಚ್ಚಿ ನಿಲ್ಲಿಸಿದೆ. ಅಡುಗೆಮನೆಯಿಂದ ಹೆಂಡತಿ ಬಂದು ನೋಡಿದಳು. "ಏನ್ರೀ ಇದು, ಪಿರಮಿಡ್ಡೋ, ಪಾತ್ರೆ ಮುಚ್ಚಳಾನೋ?"

ಸ್ಕೇಲು ಹಿಡಿದು ನೋಡಿದರೆ ಎತ್ತರ ಬರೀ 17 ಸೆಂ.ಮೀ. ಚಿಲ್ಲರೆ. ತಪ್ಪು ಎಲ್ಲಿ ಅಂತ ತಿಳಿಯಲು ಎರಡು ನಿಮಿಷ ಬೇಕಾಯಿತು, ಆಮೇಲೆ ನಾಚಿಕೆ ಆಯಿತು. 28 ಅನ್ನೋದು ತುದಿಯಿಂದ ನೆಟ್ಟಗೆ ನೆಲಕ್ಕೆ ಇಳಿಬಿಟ್ಟ ಅಳತೆ. ನಾನು ಅದನ್ನೇ ಮುಖದ ತ್ರಿಕೋನದ ಎತ್ತರ ಮಾಡಿದ್ದೆ. ಮುಖ ಒಳಕ್ಕೆ ವಾಲಿದ ಮೇಲೆ ಎತ್ತರ ಕುಗ್ಗದೆ ಇರುತ್ತಾ? ಚಾವಣಿ ನಕ್ಷೆಯಲ್ಲಿ ಹೊಸ ಹುಡುಗರು ಇದೇ ತಪ್ಪು ಮಾಡಿದಾಗ ನಾನೇ ಎಷ್ಟು ಸಲ ಬೈದಿದ್ದೇನೋ.

ಎರಡನೇ ಸಲ ಲೆಕ್ಕ ಹಾಕಿದೆ. ಒಂದು ಕಡೆ 28, ಇನ್ನೊಂದು ಕಡೆ ತಳದ ಅರ್ಧ 22. ಕರ್ಣ 35.6. ಮುಖದ ನಡುಗೆರೆ ಅಷ್ಟುದ್ದ ಇರಬೇಕು. ಕತ್ತರಿಸುವ ಮುಂಚೆ ಸುಮ್ನೆ ಕ್ಯಾಲ್ಕುಲೇಟರಿನಲ್ಲಿ 35.6ನ್ನು 22ರಿಂದ ಭಾಗಿಸಿದೆ. 1.618.

ಈ ಸಂಖ್ಯೆ ಗೊತ್ತಿದ್ದವರಿಗೆ ಆಗ ನನ್ನ ಮೈ ಜುಮ್ಮೆಂದದ್ದು ಅರ್ಥ ಆಗುತ್ತದೆ. ಗೋಲ್ಡನ್ ರೇಶಿಯೋ, ಕಲೆ-ಕಟ್ಟಡದ ಚೆಲುವಿನ ಗುಟ್ಟು ಅಂತ ಜನ ಹೇಳುವ ಅನುಪಾತ! ರಟ್ಟು, ಕತ್ತರಿ ಬಿಟ್ಟು ಇನ್ನೊಂದು ಲೆಕ್ಕಕ್ಕೆ ಕೂತೆ. ತಳದ ಸುತ್ತಳತೆ 1,760 ಮೊಳ, ಎತ್ತರದ ಎರಡರಷ್ಟು 560. ಭಾಗಿಸಿದರೆ 3.1428. ಅಂದರೆ 22/7, ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪೈ. ಒಂದೇ ಕಟ್ಟಡದಲ್ಲಿ ಎರಡು ಗುಟ್ಟು. ಮರುದಿನ ಆಫೀಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಒಬ್ಬರೂ ನನ್ನಷ್ಟು ಕುಣಿಯಲಿಲ್ಲ, ಅದು ಬೇರೆ ಮಾತು.

ಆ ಕುಣಿತ ಸುಮಾರು ಒಂದು ತಿಂಗಳು ಇತ್ತು. ಅದನ್ನು ಇಳಿಸಿದ್ದು ಈಜಿಪ್ಟಿನವರದೇ ಒಂದು ಲೆಕ್ಕದ ಪುಸ್ತಕ.

ಅದರ ಹೆಸರು ರಿಂಡ್ ಪಪೈರಸ್. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ರಿಂಡ್ ಅನ್ನುವವರು 1858ರಲ್ಲಿ ಲಕ್ಸರ್‌ನಲ್ಲಿ ಕೊಂಡದ್ದು. ಈಗ ಅದರ ಹೆಚ್ಚಿನ ಭಾಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 1550ರ ಸುಮಾರಿಗೆ ಅಹ್ಮೋಸ್ ಅನ್ನುವ ಲಿಪಿಕಾರ ಇನ್ನೂ ಹಳೆಯ ಪ್ರತಿಯೊಂದನ್ನು ನೋಡಿ ಬರೆದದ್ದು. ರೊಟ್ಟಿ ಹಂಚುವ ಲೆಕ್ಕ, ಧಾನ್ಯದ ಲೆಕ್ಕಗಳ ನಡುವೆ 56ರಿಂದ 60ರವರೆಗಿನ ಲೆಕ್ಕಗಳು ಓರೆಯವು. ಪಿರಮಿಡ್ಡಿನ ಮುಖ ಎಷ್ಟು ವಾಲಿರಬೇಕು ಅನ್ನೋದರ ಲೆಕ್ಕ.

ಇಲ್ಲಿ ಅವರ ಅಳತೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಹಾಗೇ ಅವರೂ ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಅಂತಿದ್ದರು. ನಾಲ್ಕು ಬೆರಳು ಸೇರಿದರೆ ಒಂದು ಅಂಗೈ, ಆರು ಅಂಗೈ ಸೇರಿದರೆ ಸಾದಾ ಮೊಳ. ದೊಡ್ಡ ಕಟ್ಟಡಕ್ಕೆ ಮಾತ್ರ ರಾಜಮೊಳ. ಅದಕ್ಕೆ ಒಂದು ಅಂಗೈ ಜಾಸ್ತಿ, ಒಟ್ಟು ಏಳು ಅಂಗೈ, ಇಪ್ಪತ್ತೆಂಟು ಬೆರಳು. ಈಗಿನ ಲೆಕ್ಕದಲ್ಲಿ 52 ಸೆಂ.ಮೀ. ಚಿಲ್ಲರೆ. ನನ್ನ ಮೊಳ 45 ಸೆಂ.ಮೀ. ಅದರ ತುದಿಗೆ ಇನ್ನೊಂದು ಕೈಯ ನಾಲ್ಕು ಬೆರಳು ಅಡ್ಡ ಇಟ್ಟರೆ 52.5. ಇದನ್ನು ಕಂಡಾಗ ಆದ ಖುಷಿ ಗೋಲ್ಡನ್ ರೇಶಿಯೋ ಸಿಕ್ಕಾಗಲೂ ಆಗಿರಲಿಲ್ಲ.

ಅವರ ಹತ್ತಿರ ಡಿಗ್ರಿ ಇರಲಿಲ್ಲ. ಓರೆಯನ್ನು ಅವರು ಹೇಳುತ್ತಿದ್ದ ರೀತಿ ಹೀಗೆ: ಒಂದು ಮೊಳ ಮೇಲೇರಿದರೆ ಎಷ್ಟು ಅಂಗೈ ಒಳಕ್ಕೆ ಹೋಗಬೇಕು? ಆ ಅಳತೆಗೆ ಸೆಕೆಡ್ ಅಂತ ಹೆಸರು. ಐವತ್ತಾರನೇ ಲೆಕ್ಕವನ್ನೇ ನೋಡಿ. ತಳ 360 ಮೊಳ, ಎತ್ತರ 250 ಮೊಳ, ಸೆಕೆಡ್ ಎಷ್ಟು? ಅಹ್ಮೋಸ್ ಮೊದಲು 360ರ ಅರ್ಧ ಮಾಡುತ್ತಾನೆ, 180. ಅದನ್ನು 250ರಿಂದ ಭಾಗಿಸುತ್ತಾನೆ. ನಾವಾದರೆ 0.72 ಅಂತ ಬರೆದು ಮುಗಿಸುತ್ತೇವೆ. ಅವನು ಬರೆಯೋದು "ಅರ್ಧ, ಐದನೇ ಒಂದು, ಐವತ್ತನೇ ಒಂದು" ಅಂತ. ಮೂರನ್ನೂ ಕೂಡಿಸಿ ನೋಡಿ, 0.72 ಸರಿಯಾಗಿ ಬರುತ್ತದೆ. ಮೊಳಕ್ಕೆ ಏಳು ಅಂಗೈ, ಹಾಗಾಗಿ ಏಳರಿಂದ ಗುಣಿಸಿ, 5 ಅಂಗೈ ಮತ್ತು ಒಂದು ಅಂಗೈಯ 25ನೇ ಒಂದು ಭಾಗ ಅಂತ ಉತ್ತರ ಕೊಡುತ್ತಾನೆ.

ನಾನು ಖುಫುವಿನ ಪಿರಮಿಡ್ಡಿಗೂ ಇದನ್ನೇ ಮಾಡಿದೆ. 220ನ್ನು 280ರಿಂದ ಭಾಗಿಸಿ ಏಳರಿಂದ ಗುಣಿಸಿದೆ. ಐದೂವರೆ. ಐದು ಅಂಗೈ ಎರಡು ಬೆರಳು. ಮುಂದೆ ಚಿಲ್ಲರೆ ಇಲ್ಲ, ಬಾಲ ಇಲ್ಲ.

ಅಲ್ಲಿಗೆ ಗುಟ್ಟು ಬಯಲಾಯಿತು. ಏಳಕ್ಕೆ ಐದೂವರೆ ಅಂತ ಯಾರಾದರೂ ಓರೆ ಹಿಡಿದರೆ ಪೈ ಥರದ್ದೊಂದು, ಗೋಲ್ಡನ್ ರೇಶಿಯೋ ಥರದ್ದೊಂದು ತಾನಾಗೇ ಬಂದುಬಿಡುತ್ತದೆ. ಕರೆಯಬೇಕಾಗಿಲ್ಲ. 22/7ರಲ್ಲಿರೋ ಏಳು ಮೊಳದಲ್ಲಿರುವ ಏಳು ಅಂಗೈ, ಇಪ್ಪತ್ತೆರಡು ಐದೂವರೆಯ ನಾಲ್ಕರಷ್ಟು. ಅಷ್ಟೇ.

ಇದು ಕಾಕತಾಳೀಯ ಅಲ್ಲ, ಬೇಕಂತಲೇ ಇಟ್ಟದ್ದು ಅನ್ನುವವರಿಗೆ ನಾನು ತೋರಿಸೋದು ಪಕ್ಕದ ಪಿರಮಿಡ್ಡನ್ನು. ಖುಫುವಿನ ಮಗ ಖಾಫ್ರೆ ಕಟ್ಟಿಸಿದ್ದು. ಅದರ ಓರೆ ಐದು ಅಂಗೈ ಒಂದು ಬೆರಳು, ಅಂದರೆ ಐದೂಕಾಲು. ಏಳಕ್ಕೆ ಐದೂಕಾಲು ಅಂದರೆ ನಾಲ್ಕಕ್ಕೆ ಮೂರು. ಕರ್ಣ ಐದು. ಶಾಲೆಯಲ್ಲಿ ಎಲ್ಲರೂ ಬರೆದ 3-4-5 ತ್ರಿಕೋನವೇ ಆ ಪಿರಮಿಡ್ಡಿನ ಹೊಟ್ಟೆಯೊಳಗೆ ನಿಂತಿದೆ. ಅಲ್ಲಿ ಸುತ್ತಳತೆಯನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರೋದು ಮೂರು. ಮುಖದ ನಡುಗೆರೆಯನ್ನು ಅರ್ಧ ತಳದಿಂದ ಭಾಗಿಸಿದರೆ 1.667. ಅಪ್ಪನ ಪಿರಮಿಡ್ಡಿನಲ್ಲಿ ಪೈ ಅಷ್ಟು ಪವಿತ್ರ ಆಗಿದ್ದರೆ ಮಗ ಯಾಕೆ ಒಂದು ಬೆರಳು ಕಡಿಮೆ ಮಾಡಿ ಅದನ್ನು ಕೆಡಿಸಿದ? ಹೊಸ ಪಿರಮಿಡ್ಡಿಗೆ ಒಂದು ಬೆರಳು ಕಡಿದಾದ ಓರೆ ಹಿಡಿದರು, ನನಗೆ ಕಾಣೋದು ಇಷ್ಟೇ.

ಆಮೇಲಿನವರು ಈ ಐದೂಕಾಲನ್ನೇ ಜಾಸ್ತಿ ಇಷ್ಟಪಟ್ಟರು. ಆರನೇ ರಾಜವಂಶದ ತೇತಿ, ಮೊದಲನೇ ಪೆಪಿ, ಎರಡನೇ ಪೆಪಿ, ಇವರ ಪಿರಮಿಡ್ಡುಗಳೆಲ್ಲ ಒಂದೇ ಅಚ್ಚು. ತಳ 150 ಮೊಳ, ಎತ್ತರ 100 ಮೊಳ. ಅಹ್ಮೋಸನ 57ನೇ ಮತ್ತು 58ನೇ ಲೆಕ್ಕದಲ್ಲೂ ಇದೇ ಐದು ಅಂಗೈ ಒಂದು ಬೆರಳು. ಅವನು ಖುಫುವಿಗೆ ಸಾವಿರ ವರ್ಷ ಆದಮೇಲಿನವನು, ಅವನ ಲೆಕ್ಕವನ್ನು ಅಷ್ಟು ಹಿಂದಕ್ಕೆ ಒಯ್ಯೋದು ಸರಿಯಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪಿರಮಿಡ್ಡುಗಳೇ ಸಾಕ್ಷಿ ಹೇಳುತ್ತವೆ, ಅಲ್ವಾ? ಅಂಗೈ ಬೆರಳಿನಲ್ಲಿ ಅಳೆದರೆ ಚೊಕ್ಕವಾಗಿ ಬರುತ್ತವೆ, ಡಿಗ್ರಿಯಲ್ಲಿ ಅಳೆದರೆ 51 ಡಿಗ್ರಿ 50 ನಿಮಿಷ ಅಂತ ಹರುಕುಮುರುಕು.

ಪೈ ವಿಷಯಕ್ಕೆ ಇನ್ನೊಂದು ಮಾತು. ಅದೇ ಪಪೈರಸ್ಸಿನ 50ನೇ ಲೆಕ್ಕದಲ್ಲಿ 9 ಅಳತೆ ವ್ಯಾಸದ ಹೊಲದ ವಿಸ್ತೀರ್ಣ ಕೇಳಿದ್ದಾರೆ. ಅಹ್ಮೋಸ್ ಒಂಬತ್ತರಲ್ಲಿ ಒಂದು ಕಳೆದು, ಎಂಟನ್ನು ಎಂಟರಿಂದ ಗುಣಿಸಿ 64 ಅನ್ನುತ್ತಾನೆ. ಇದರಿಂದ ಪೈ ಹಿಂಡಿ ತೆಗೆದರೆ 3.16 ಬರುತ್ತದೆ. ಲಿಪಿಕಾರರಿಗೆ ಕಲಿಸುತ್ತಿದ್ದ ವೃತ್ತದ ಲೆಕ್ಕ ಇದು. 22/7ರ ಸುದ್ದಿಯೇ ಇಲ್ಲ.

ಪೈ ಗುಟ್ಟಿನ ಕತೆ ಶುರುವಾದದ್ದು ಲಂಡನ್ನಿನಲ್ಲಿ. 1859ರಲ್ಲಿ ಜಾನ್ ಟೇಲರ್ ಅನ್ನುವವರು ಪುಸ್ತಕ ಬರೆದರು. ಸ್ಕಾಟ್ಲೆಂಡಿನ ರಾಜ ಖಗೋಳಜ್ಞರಾಗಿದ್ದ ಚಾರ್ಲ್ಸ್ ಪಿಯಾಜ್ಜಿ ಸ್ಮಿತ್ ಅದನ್ನು ಹಿಡಿದು ಇನ್ನೂ ಮುಂದೆ ಹೋದರು. ತಳದ ಒಂದು ಬದಿಯಲ್ಲಿ ವರ್ಷದ ದಿನಗಳ ಸಂಖ್ಯೆ ಅಡಗಿದೆ ಅಂದರು. ಅದಕ್ಕೆ ಬದಿ ಸುಮಾರು 9,140 ಇಂಚು ಇರಬೇಕಿತ್ತು. ಈ ಮಾತು ನಂಬಿದವರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರ ಅಪ್ಪನೂ ಒಬ್ಬರು. ಮಗ 1880ರ ಕೊನೆಯಲ್ಲಿ ಅಳತೆ ಸಲಕರಣೆ ಹೊತ್ತು ಖುಫುವಿನ ಪಿರಮಿಡ್ ಇರುವ ಗೀಜಾಕ್ಕೆ ಹೋದರು, ಒಂದು ಹಳೇ ಸಮಾಧಿಯಲ್ಲೇ ಬಿಡಾರ ಹೂಡಿದರು. ಎರಡು ಚಳಿಗಾಲ ಅಳೆದರು. ಬಂದದ್ದು ಸುಮಾರು 9,069 ಇಂಚು. ಕತೆ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪಿರಮಿಡ್ಡಿನೊಳಗಿನ ಮುಂಗೋಣೆಯ ಗ್ರಾನೈಟಿನಲ್ಲಿರುವ ಒಂದು ಉಬ್ಬನ್ನು ತನ್ನ ಸಿದ್ಧಾಂತಕ್ಕೆ ಸರಿಹೊಂದಲಿ ಅಂತ ಒಬ್ಬರು ಅರದಿಂದ ಉಜ್ಜಲು ಹೊರಟಿದ್ದರು ಅಂತ ಪೆಟ್ರಿಯವರೇ ಹೇಳಿದ್ದಾರೆ. ನಕ್ಷೆಗೆ ಸರಿಬರಲಿಲ್ಲ ಅಂತ ಗೋಡೆ ಕೆರೆಯುವ ಜನರನ್ನು ನಾನೂ ನೋಡಿದ್ದೇನೆ, ಆದರೆ ನಾಲ್ಕೂವರೆ ಸಾವಿರ ವರ್ಷ ಹಳೆಯ ಗೋಡೆಯನ್ನಲ್ಲ.

ಪೆಟ್ರಿಯವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೀಜಾದ್ದಲ್ಲ, ಮೇದುಮ್‌ನದ್ದು. ಅಲ್ಲಿ 17ನೇ ನಂಬರಿನ ದೊಡ್ಡ ಮಸ್ತಬಾ, ಅಂದರೆ ಚಪ್ಪಟೆ ತಲೆಯ ಸಮಾಧಿ ಕಟ್ಟಡ, ಇದೆ. ಅದರ ಮೂಲೆಗಳ ಹೊರಗೆ ಮಣ್ಣಿಟ್ಟಿಗೆಯ ಗೋಡೆಗಳು ಸಿಕ್ಕವು, ಮೂಲೆಮಟ್ಟದ ಆಕಾರದಲ್ಲಿ ಕಟ್ಟಿದ್ದು. ಅವುಗಳ ಮೇಲೆ ಮೊಳಕ್ಕೊಂದರಂತೆ ಅಡ್ಡಗೆರೆ. ಆ ಅಡ್ಡಗೆರೆಗಳನ್ನು ದಾಟುತ್ತ ಒಂದು ಓರೆ ಗೆರೆ, ನಾಲ್ಕು ಏರಿದರೆ ಒಂದು ಒಳಕ್ಕೆ. ನೆಲ ಅಲ್ಲಿ ಏರುತಗ್ಗು. ಒಂದು ಮೂಲೆಯಲ್ಲಿ ಅಡಿಪಾಯ ಆಳಕ್ಕೆ ಹೋಗಬೇಕು, ಇನ್ನೊಂದರಲ್ಲಿ ಬೇಡ. ಆದರೆ ಮೇಲೆ ಬಂದಾಗ ನಾಲ್ಕೂ ಮುಖ ಒಂದೇ ಓರೆಯಲ್ಲಿ ಕೂಡಬೇಕು. ಅದಕ್ಕೆ ಅವರು ನಕ್ಷೆಯನ್ನು ಗೋಡೆಯ ಮೇಲೇ ಬರೆದರು. ಚಿಕ್ಕದು ಮಾಡಿ ಅಲ್ಲ, ಇದ್ದಷ್ಟೇ ದೊಡ್ಡದಾಗಿ. ಕಲ್ಲು ಇಡುವವನು ತಲೆ ಎತ್ತಿ ಗೆರೆಯ ಜಾಡು ಹಿಡಿದರೆ ಸಾಕು. ಈ ಚಿತ್ರ ನೋಡಿದ ದಿನ ನನಗೆ ಆ ಗೆರೆ ಎಳೆದವನ ಹೆಸರು ತಿಳಿದುಕೊಳ್ಳಬೇಕು ಅನ್ನಿಸಿತು. ನಮ್ಮ ಕಸುಬಿನವನಲ್ವಾ.

ಹಾಗಾದರೆ ಐದೂವರೆಯೇ ಯಾಕೆ? ನನ್ನ ಪ್ರಕಾರ ಅದಕ್ಕೆ ಉತ್ತರ ಖುಫುವಿನ ಅಪ್ಪನ ಹತ್ತಿರ ಇದೆ. ಸ್ನೆಫೆರು ದಹ್ಶೂರ್‌ನಲ್ಲಿ ಕಟ್ಟಿಸಿದ ಬಾಗಿದ ಪಿರಮಿಡ್ ಕೆಳಗೆ 54 ಡಿಗ್ರಿಗಿಂತ ಕಡಿದು. ಒಳಗಿನ ಕೋಣೆಗಳಲ್ಲಿ ಬಿರುಕು ಬಂತು, ಅರ್ಧಕ್ಕಿಂತ ಸ್ವಲ್ಪ ಕೆಳಗೇ 43ರ ಸುಮಾರಿಗೆ ಇಳಿಸಿದರು. ಅದರ ಆಚೆ ಕಟ್ಟಿದ ಕೆಂಪು ಪಿರಮಿಡ್ಡನ್ನು ಬುಡದಿಂದಲೇ 43ರಲ್ಲಿ ಎಬ್ಬಿಸಿದರು. ಕಣ್ಣಿಗೆ ಸ್ವಲ್ಪ ಚಪ್ಪಟೆ, ನನ್ನ ಮೊದಲ ರಟ್ಟಿನದ್ದರ ಅಣ್ಣನ ಹಾಗೆ. ಮೇದುಮ್‌ನ ಪಿರಮಿಡ್ಡಿನ ಹೊರಮೈ ಮಾತ್ರ ಐದೂವರೆ ಅಂಗೈಯದ್ದು. ಖುಫುವಿನ ಕಾಲಕ್ಕೆ ಈ ಮೂರೂ ಪಾಠ ಕಣ್ಣೆದುರೇ ಇದ್ದವು.

ಕಳೆದ ಚಳಿಗಾಲ ಕೊನೆಗೂ ಗೀಜಾಕ್ಕೆ ಹೋದೆವು, ಮೂವರೂ. ಮಗಳು ಈಗ ಕಾಲೇಜು. ಹೋಟೆಲಿನ ರೂಮಿನಿಂದ ಪಿರಮಿಡ್ ಕಾಣುತ್ತಿತ್ತು. ಯಾವುದೋ ಪೆಟ್ಟಿಗೆಯ ಮುಚ್ಚಳ ಕತ್ತರಿಸಿ ಅವಳು ಒಂದು ತ್ರಿಕೋನ ಮಾಡಿದಳು. ಏಳಕ್ಕೆ ಐದೂವರೆ ಅಂದರೆ ಹದಿನಾಲ್ಕಕ್ಕೆ ಹನ್ನೊಂದು. ಹಾಗಾಗಿ ನೆಟ್ಟಗೆ ಹದಿನಾಲ್ಕು ಬೆರಳು, ಅಡ್ಡ ಹನ್ನೊಂದು ಬೆರಳು, ಎಲ್ಲ ಅವಳ ಬೆರಳೇ. ಕಿಟಕಿಗೆ ಹಿಡಿದು ನೋಡಿದರೆ ಹೊಂದಲೇ ಇಲ್ಲ. ನಮಗೆ ಕಾಣುತ್ತಿದ್ದದ್ದು ಮೂಲೆಯ ಅಂಚು. ಅಂಚು ಕರ್ಣದ ಗುಂಟ ಏರುತ್ತದೆ, ಅದರ ಓರೆ 42 ಡಿಗ್ರಿ ಅಷ್ಟೇ. "ಇದನ್ನ ಮೊದಲೇ ಹೇಳೋಕಾಗಲ್ವಾ ಅಪ್ಪಾ" ಅಂದಳು.

ಮರುದಿನ ಒಳಗೆ ಹೋದೆವು. ಏರುದಾರಿಯಲ್ಲಿ ಬೆನ್ನು ಬಗ್ಗಿಸಿಯೇ ಹತ್ತಬೇಕು. ಸುಮಾರು ಎರಡಕ್ಕೆ ಒಂದು ಏರು, 26 ಡಿಗ್ರಿ. ನನ್ನ ಹೆಂಡತಿ ಅರ್ಧದಲ್ಲಿ ನಿಂತು ನನ್ನ ಕಸುಬಿಗೆ ಒಂದಿಷ್ಟು ಶಾಪ ಹಾಕಿದಳು. ರಾಜನ ಕೋಣೆಗೆ ತಲುಪಿದ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಸೆಕೆ, ಮಬ್ಬು ಬೆಳಕು, ಸುತ್ತ ಬರೀ ಗ್ರಾನೈಟು, ಮುಚ್ಚಳ ಇಲ್ಲದ ಒಂದು ಕಲ್ಲಿನ ತೊಟ್ಟಿ. ಆ ತೊಟ್ಟಿ ಏರುದಾರಿಗಿಂತ ಚೂರು ಅಗಲ. ಕೋಣೆ ಕಟ್ಟುವಾಗಲೇ ಅದನ್ನು ಒಳಗಿಟ್ಟಿರಬೇಕು.

ನಾನು ಮಾಡಬೇಕು ಅಂತ ಹೋಗಿದ್ದ ಕೆಲಸ ಬೇರೆ ಇತ್ತು. ಗೋಡೆ ಬುಡದಲ್ಲಿ ಮಂಡಿಯೂರಿ ಕೂತು ಮೊಳ ಇಡುತ್ತ ಹೋದೆ. ಒಂದು ಮೊಳ, ಅದರ ತುದಿಗೆ ನಾಲ್ಕು ಬೆರಳು, ಮತ್ತೆ ಮೊಳ, ಮತ್ತೆ ನಾಲ್ಕು ಬೆರಳು. ಹತ್ತನೇ ಸಲಕ್ಕೆ ಕೈ ಎದುರು ಗೋಡೆಗೆ ತಾಗಿತು. ಕೋಣೆಯ ಅಗಲ ಹತ್ತು ಮೊಳ. ಉದ್ದ ಇಪ್ಪತ್ತು ಮೊಳ ಇಡಲು ಕಾವಲಿನವನ ಮುಖ ನೋಡಿ ಧೈರ್ಯ ಬರಲಿಲ್ಲ.

ಈ ಕೋಣೆಯ ಎತ್ತರ ವಿಚಿತ್ರ. 5.8 ಮೀಟರ್ ಚಿಲ್ಲರೆ, ಮೊಳದಲ್ಲಿ 11.18. ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ. ಆದರೆ ನೆಲದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಅದನ್ನು ಎರಡು ಮಡಿಕೆ ಮಾಡಿ, ಸರಿಯಾಗಿ ಅಷ್ಟು. ಹೀಗೆ ಮಾಡಿದಾಗ ಚಿಕ್ಕ ಗೋಡೆಯ ಕರ್ಣ 15 ಮೊಳ ಆಗುತ್ತದೆ. ಉದ್ದ 20. ನೆಲದ ಒಂದು ಮೂಲೆಯಿಂದ ಚಾವಣಿಯ ಎದುರು ಮೂಲೆಗೆ 25. ಮತ್ತೆ ಅದೇ 3-4-5, ಈ ಸಲ ಗಾಳಿಯಲ್ಲಿ ಓರೆಯಾಗಿ ನಿಂತಿದೆ. ಇದನ್ನು ಬೇಕಂತಲೇ ಮಾಡಿದರಾ? ಹೌದು ಅನ್ನಲು ನನಗೆ ಆಸೆ. ಪೈ ವಿಷಯದಲ್ಲಿ ಅಷ್ಟು ಮಾತಾಡಿ ಇಲ್ಲಿ ಮೆತ್ತಗಾಗೋದು ಸರಿಯಲ್ಲ ಅಂತ ಮಗಳು ಚುಚ್ಚಿದಳು. ಆದರೂ ಹಗ್ಗ ಮಡಚೋದು ಕೆಲಸಗಾರನ ಕೈಗೆ ಎಟುಕುವ ಮಾತು, ಪೈ ಅಲ್ಲ. ನನ್ನ ವಾದ ಇಷ್ಟೇ.

ಹೊರಗೆ ಬಂದು ಮೂರು ಪಿರಮಿಡ್ಡುಗಳನ್ನೂ ಒಟ್ಟಿಗೆ ನೋಡಿದೆವು. ಮೂರರ ಆಗ್ನೇಯ ಮೂಲೆಗಳು ಹೆಚ್ಚುಕಡಿಮೆ ಒಂದೇ ಓರೆಗೆರೆಯಲ್ಲಿವೆ, ಆ ಗೆರೆ ಈಶಾನ್ಯಕ್ಕೆ ಹಳೇ ಸೂರ್ಯನಗರಿ ಹೀಲಿಯೋಪೊಲಿಸ್‌ನತ್ತ ಹೋಗುತ್ತದೆ. ಖಾಫ್ರೆಯದ್ದು ಚಿಕ್ಕದಾದರೂ ಹತ್ತು ಮೀಟರ್ ಎತ್ತರದ ನೆಲದ ಮೇಲಿದೆ, ಅದಕ್ಕೆ ಫೋಟೋದಲ್ಲಿ ಅದೇ ದೊಡ್ಡಣ್ಣ. ಇನ್ನು ನಕ್ಷತ್ರಗಳ ನಕಲು ಅಂತ ಹೇಳುವ ಕತೆಗಳ ಗೊಡವೆಗೆ ನಾನು ಹೋಗಲ್ಲ. ದಿಕ್ಕು ಹಿಡಿದ ಕೆಲಸವೇ ಸಾಕಷ್ಟು ದೊಡ್ಡದು. ಖುಫುವಿನ ಪಿರಮಿಡ್ ನಿಜವಾದ ಉತ್ತರದಿಂದ ತಪ್ಪಿರೋದು ಒಂದು ಡಿಗ್ರಿಯ ಹದಿನೈದನೇ ಒಂದು ಭಾಗಕ್ಕಿಂತ ಕಡಿಮೆ. 1925ರಲ್ಲಿ ಕೋಲ್ ಅನ್ನುವ ಸರ್ವೇಯರ್ ನಾಲ್ಕು ಬದಿಗಳನ್ನು ಅಳೆದರು. ಅತಿ ಚಿಕ್ಕದು 230.25 ಮೀಟರ್, ಅತಿ ದೊಡ್ಡದು 230.45. ಕಾಲು ಕಿಲೋಮೀಟರಿಗೆ ಹತ್ತಿರದ ಬದಿಯಲ್ಲಿ ಒಂದು ಗೇಣು ವ್ಯತ್ಯಾಸ. ಮಧ್ಯದಲ್ಲಿ ಬಂಡೆಯ ದಿಬ್ಬ ಹಾಗೇ ಬಿಟ್ಟಿದ್ದರಿಂದ ಮೂಲೆಯಿಂದ ಮೂಲೆಗೆ ಹಗ್ಗ ಎಳೆದು ಸರಿನೋಡಲೂ ಆಗುತ್ತಿರಲಿಲ್ಲ.

ಉತ್ತರ ಬದಿಯ ನಡುವೆ, ಬುಡದಲ್ಲಿ, ಹೊದಿಕೆಯ ಕಲ್ಲುಗಳು ಕೆಲವು ಇನ್ನೂ ಉಳಿದಿವೆ. ಒಂದು ಕಾಲಕ್ಕೆ ಇಡೀ ಪಿರಮಿಡ್ ಇಂಥ ಬಿಳಿ ಸುಣ್ಣಕಲ್ಲಿನಿಂದ ಮುಚ್ಚಿತ್ತು. ಒಂದು ಕಲ್ಲಿನ ಪಕ್ಕದ ಮೈ ಕಾಣುವಲ್ಲಿ ಮಗಳು ಕೂತು ಬ್ಯಾಗಿನಿಂದ ತನ್ನ ತ್ರಿಕೋನ ತೆಗೆದಳು. ಕಲ್ಲಿಗೆ ತಾಗಿಸದೆ, ಒಂದು ಬೆರಳು ಅಂತರದಲ್ಲಿ ಹಿಡಿದಳು. ರಟ್ಟಿನ ಓರೆಯೂ ಕಲ್ಲಿನ ಓರೆಯೂ ಒಂದರ ಹಿಂದೊಂದು ಬಂದು ನಿಂತವು. ನಾನು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದೆ. ಕೆಳತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು.

"ಕೆಳಗೆ ಸ್ವಲ್ಪ ತಪ್ಪಿದೆ ಕಣೇ" ಅಂದೆ.

"ಅಲ್ಲಿ ಗೆರೆ ಹಾಕಿಕೊಟ್ಟಿದ್ದು ನೀನೇ ಅಪ್ಪಾ" ಅಂದಳು.